ಹಮಿನದ ಕೋಟೆ

ಫಿನ್ಲೆಂಡಿನ ತೆಂಕಣ ಕಡಲತಡಿಯ ಹಮಿನ ಪಟ್ಟಣವನ್ನು ನೋಡಹೋದವರಿಗೆ ಅದರ ವಿನ್ಯಾಸವೇ ವಿಸ್ಮಯಕರವಾದುದು. ನಡುವೆ ಪುರಭವನ, ಅಲ್ಲಿಂದ ಎಂಟು ಬೀದಿಗಳು ಚಕ್ರದ ಅರೆಗಳಂತೆ ಹೊರಡುವುವು, ಸುತ್ತಲೂ ಕೋಟೆ.

1721ರ ಸಂಧಿಯಲ್ಲಿ ವೀಬೋರ್ಗ್ ದುರ್ಗವನ್ನು ಕಳೆದುಕೊಂಡ ಸ್ವೀಡನ್ನರು, ರಷ್ಯನ್ನರನ್ನು ತಡೆಯಲೆಂದು ಈ ಕೋಟೆಯನ್ನು ಕಟ್ಟತೊಡಗಿದರು. 1743ರಲ್ಲಿ ಇದೂ ರಷ್ಯದ ವಶವಾಯಿತು. 1809ರಲ್ಲಿ ಇಲ್ಲಿಯೇ ಆದ ಸಂಧಿಯಿಂದ ಸ್ವೀಡನ್ ಇಡಿಯ ಫಿನ್ಲೆಂಡನ್ನು ರಷ್ಯಕ್ಕೆ ಬಿಟ್ಟುಕೊಟ್ಟಿತು. ರುಜು ಹಾಕಿದವು ಆ ಎರಡು ರಾಜ್ಯಗಳೇ. ನಾಡು ಮಾತ್ರ ಫಿನ್ನರದು.

1917ರಲ್ಲಿ ಸ್ವತಂತ್ರರಾದ ಫಿನ್ನರು, 1920ರಲ್ಲಿ ಇಲ್ಲಿ ಮೀಸಲು ಸೇನಾಧಿಕಾರಿಗಳ ಶಾಲೆಯನ್ನು ಸ್ಥಾಪಿಸಿದರು. 1990ರಲ್ಲಿ ಮೊದಲಾದ ಸೇನಾಸಂಗೀತೋತ್ಸವಕ್ಕೆ ನಾನಾ ದೇಶಗಳ ವಾದ್ಯಮೇಳಗಳು ಬಂದು ಕೋಟೆಯ ಕೊತ್ತಳದಲ್ಲಿ ನುಡಿಸುತ್ತ ಬಂದಿವೆ. ಪರರನ್ನು ತಡೆಯಲಾರದೆ ಹೋದ ಗೋಡೆಗಳು ಇಂದು ಅವರನ್ನು ಅತಿಥಿಗಳಾಗಿ ಬರಮಾಡಿಕೊಳ್ಳುತ್ತಿವೆ. ಕರೆಯುವ ಅಧಿಕಾರವು ಈಗ ನಾಡವರದಾಗಿರುವುದೇ ಈ ಕೋಟೆಯ ನಿಜವಾದ ಗೆಲವು.