ಹಲಗೆ ಕೊಯ್ಯುವ ಮೊದಲು

ಕಪಾಟು ಮಾಡಿಸಬೇಕೆಂದರೆ ಒಂದು ಕಾಲಕ್ಕೆ ಆಚಾರಿಯನ್ನು ಮನೆಗೇ ಕರೆಸುತ್ತಿದ್ದರು. ಮರ ಮನೆಯವರದು, ಕೂಲಿ ದಿನದ ಲೆಕ್ಕದ್ದು. ತೇಗವೋ ಹೊನ್ನೆಯೋ ಹಲಸೋ, ಇದ್ದ ಮರ ನೋಡಿ ಆತ ಅಳತೆ ಗೊತ್ತುಮಾಡುತ್ತಿದ್ದ. ನಕ್ಷೆ ಅವನ ತಲೆಯೊಳಗೇ ಇರುತ್ತಿತ್ತು. ಬಾಗಿಲು ಬಿಗಿಯಾದರೆ ಅಲ್ಲೇ ಕೀಸಿ ಕೂರಿಸುತ್ತಿದ್ದ. ಆಮೇಲೆ ಯಂತ್ರಗಳು ಬಂದವು. ಅದಕ್ಕಿಂತ ದೊಡ್ಡ ಬದಲಾವಣೆಯೆಂದರೆ, ತಪ್ಪು ತಿದ್ದಲು ಸಿಗುತ್ತಿದ್ದ ಅವಕಾಶ ಕೆಲಸದ ಕೊನೆಯಿಂದ ಮೊದಲಿಗೆ ಸರಿದದ್ದು.

ಮೊದಲು ಬದಲಾದದ್ದು ಮರ. 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಬಂದ ಮೇಲೆ ಹಲಗೆಯ ಅಳತೆ ಎಲ್ಲೆಡೆ ಒಂದೇ ಆಯಿತು. ಕೂಲಿ ಚದರಡಿ ಲೆಕ್ಕಕ್ಕೆ ತಿರುಗಿತು. ಅರಣ್ಯದ ಮರ ಕಡಿತಕ್ಕೆ ಸುಪ್ರೀಂ ಕೋರ್ಟ್ 1996ರಲ್ಲಿ ಕಡಿವಾಣ ಹಾಕಿದ ಬಳಿಕ ಕಾಫಿ ತೋಟಗಳ ಸಿಲ್ವರ್ ಓಕ್‌ನಂಥ ನೆಟ್ಟು ಬೆಳೆಸಿದ ಮರಗಳಿಗೆ ಬೇಡಿಕೆ ಹೆಚ್ಚಿತು. ನೀರು ತಾಗುವ ಸಿಂಕ್ ಕೆಳಗೆ ಐಎಸ್ 710 ಗುರುತಿನ ಪ್ಲೈವುಡ್, ಉಳಿದೆಡೆ ಐಎಸ್ 303 ಎಂದು ಗಿರಾಕಿಗಳೂ ಕೇಳುವುದನ್ನು ಕಲಿತರು.

ಇಂದಿನ ಅಡುಗೆಮನೆ ಕಪಾಟುಗಳ ವಿನ್ಯಾಸದ ಬೇರು ಯುರೋಪಿನಲ್ಲಿದೆ. 1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದವಿತ್ತು. ಅಲ್ಲಿನ ಹೊಸ ವಸತಿಗಳಲ್ಲಿ ಅಂಥವು ಸುಮಾರು 10,000 ಕಟ್ಟಲ್ಪಟ್ಟವು. ಎರಡನೇ ಮಹಾಯುದ್ಧದ ನಂತರ 32 ಮಿ.ಮೀ. ಪದ್ಧತಿ ಬಂತು: ಹಲಗೆಯ ಮುಂದಂಚಿನಿಂದ 37 ಮಿ.ಮೀ. ಒಳಗೆ, 32 ಮಿ.ಮೀ. ಅಂತರದಲ್ಲಿ, 5 ಮಿ.ಮೀ. ತೂತುಗಳ ಸಾಲು. ಬ್ಲೂಮ್, ಹೆಟ್ಟಿಚ್, ಹಾಫೆಲೆಯಂಥ ಕಂಪನಿಗಳ ಕೀಲು, ಚಾನೆಲ್‌ಗಳು ಈ ಲೆಕ್ಕಕ್ಕೇ ಕೂರುತ್ತವೆ.

ಈ ಪದ್ಧತಿ ನಮ್ಮ ಅಡುಗೆಮನೆಗೆ ಬಂದಾಗ ಒಂದು ತೊಡಕು ಎದುರಾಯಿತು. ಯುರೋಪಿನಲ್ಲಿ ಮೊದಲು ಪೆಟ್ಟಿಗೆ ಜೋಡಿಸಿ, ಅದರ ಮೇಲೆ ಕಲ್ಲು ಹಾಸುತ್ತಾರೆ. ನಮ್ಮಲ್ಲಿ ಗಾರೆಯವರು ಕಡಪ ಕಲ್ಲಿನ ಆಸರೆ ನಿಲ್ಲಿಸಿ ಗ್ರಾನೈಟ್ ಕಟ್ಟೆ ಮುಗಿಸಿರುತ್ತಾರೆ. ಪೆಟ್ಟಿಗೆಗಳು ಆ ಆಸರೆಗಳ ನಡುವಿನ ಕಂಡಿಗಳೊಳಗೆ ಹೊಂದಬೇಕು. ಹಾಗಾಗಿ ಟೈಲ್ಸ್, ಗಾರೆ ಮುಗಿದ ಮೇಲೆಯೇ ಅಂತಿಮ ಅಳತೆ. ಪ್ರತಿ ಕಂಡಿಯನ್ನೂ ಮೇಲೆ, ನಡುವೆ, ಕೆಳಗೆ ಅಳೆದು ಕಡಿಮೆ ಬಂದದ್ದನ್ನು ಹಿಡಿಯುತ್ತಾರೆ. ಗೋಡೆಯ ಓರೆಗೆಂದು ಪಕ್ಕದಲ್ಲಿ ಫಿಲ್ಲರ್ ಪಟ್ಟಿ ಬಿಡುತ್ತಾರೆ. ಸಿಲಿಂಡರ್, ಗ್ರೈಂಡರ್, ಪ್ಲಗ್ ಪಾಯಿಂಟ್, ಚಿಮಣಿಯ ಜಾಗವೆಲ್ಲ ನಕ್ಷೆಗೆ ಬಂದ ಮೇಲೆ ಗಿರಾಕಿಯ ಸಹಿ, ಮುಂಗಡ. 2014ರಲ್ಲಿ ಶುರುವಾದ ಲಿವ್‌ಸ್ಪೇಸ್, ಹೋಮ್‌ಲೇನ್‌ನಂಥ ಬೆಂಗಳೂರಿನ ಕಂಪನಿಗಳು ನಕ್ಷೆ, ದರಪಟ್ಟಿ ಎರಡನ್ನೂ ಪರದೆಯ ಮೇಲೆ ತಂದವು.

ಸಹಿಯಾದ ಚಿತ್ರ ನೇರವಾಗಿ ಗರಗಸಕ್ಕೆ ಹೋಗುವುದಿಲ್ಲ. ಅದನ್ನು ತುಂಡು ತುಂಡಾಗಿ ಬಿಡಿಸಿದ ಪಟ್ಟಿಯೇ ಕಟ್‌ಲಿಸ್ಟ್. 600 ಮಿ.ಮೀ. ಅಗಲದ ಪೆಟ್ಟಿಗೆಗೆ 18 ಮಿ.ಮೀ. ದಪ್ಪದ ಎರಡು ಪಕ್ಕದ ಹಲಗೆಗಳಿದ್ದರೆ ತಳ 564 ಮಿ.ಮೀ. ಪಕ್ಕದ ಹಲಗೆಯ ಎರಡೂ ಮುಖಕ್ಕೆ 1 ಮಿ.ಮೀ. ಮೈಕಾ ಅಂಟಿಸಿದರೆ ದಪ್ಪ 20 ಆಗುತ್ತದೆ, ತಳ 560ಕ್ಕೆ ಇಳಿಯುತ್ತದೆ. ಇದನ್ನು ಮರೆತರೆ ಪೆಟ್ಟಿಗೆ ಕಂಡಿಯೊಳಗೆ ಹೋಗುವುದೇ ಇಲ್ಲ. ಅಂಚಿನ ಪಟ್ಟಿಯ 0.8 ಅಥವಾ 2 ಮಿ.ಮೀ.ಯನ್ನೂ ಕಳೆಯಬೇಕು. ಗರಗಸದ ಅಲಗೂ 3–4 ಮಿ.ಮೀ. ತಿನ್ನುತ್ತದೆ, ಆದ್ದರಿಂದ 1220 ಮಿ.ಮೀ. ಅಗಲದ ಹಾಳೆಯಲ್ಲಿ 610ರ ಎರಡು ತುಂಡು ಬರುವುದಿಲ್ಲ, 600ರವು ಬರುತ್ತವೆ. ಸಾಫ್ಟ್‌ವೇರ್ ತುಂಡುಗಳನ್ನು ಹಾಳೆಯ ಮೇಲೆ ಹೊಂದಿಸಿ ವ್ಯರ್ಥ ತಗ್ಗಿಸುತ್ತದೆ. ಆದರೆ ಮರದ ಗೆರೆಯಿರುವ ಬಾಗಿಲನ್ನು ಅಡ್ಡ ತಿರುಗಿಸುವಂತಿಲ್ಲ. ಅಲ್ಲಿ ಚೂರು ಉಳಿಯುವುದು ಅನಿವಾರ್ಯ. ಕೊನೆಗೆ ಪ್ರತಿ ತುಂಡಿಗೂ ಬಾರ್‌ಕೋಡ್ ಚೀಟಿ ಬೀಳುತ್ತದೆ. ಅದನ್ನು ಓದಿ ಯಂತ್ರ ತೂತು ಕೊರೆಯುತ್ತದೆ.

ಹಾಗೆಂದು ಆಚಾರಿ ಮರೆಯಾಗಿಲ್ಲ. ಈಗ ನಗರಗಳಲ್ಲಿ ನಡುದಾರಿಯೊಂದು ಬೆಳೆದಿದೆ: ಮನೆಯ ಅಳತೆ ತೆಗೆದು ಪಟ್ಟಿ ಬರೆಯುವುದು ಆಚಾರಿ, ಕೊಯ್ದು ಅಂಚು ಕಟ್ಟಿಕೊಡುವುದು ಜಾಬ್‌ವರ್ಕ್ ಘಟಕ, ಜೋಡಿಸಿ ಕೂರಿಸುವುದು ಮತ್ತೆ ಆಚಾರಿ. ಸಣ್ಣ ಬಂಡವಾಳದವರಿಗೂ ಯಂತ್ರದ ನಿಖರತೆ ಸಿಗುತ್ತಿರುವುದು ಈ ದಾರಿಯಿಂದ. ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಯಂತ್ರದ ಮರಗೆಲಸ ಕಲಿಸುವ ಕೇಂದ್ರವಿದೆ. ಅಂಥ ತರಬೇತಿ ಜಿಲ್ಲೆಗಳಿಗೂ ಹರಡಿ, ಕೀಸುವ ಕೈಗೆ ಕಟ್‌ಲಿಸ್ಟ್ ಬರೆಯುವುದೂ ಬಂದರೆ, ಈ ಬದಲಾವಣೆಯ ಲಾಭ ಕಾರ್ಖಾನೆಯ ಗೋಡೆ ದಾಟಿ ಕಸುಬುದಾರನ ಮನೆಗೂ ತಲುಪೀತು.