ಮರ ಫಲ ಕೊಡೋವರೆಗೆ ಊಟಕ್ಕೇನು? ತೋಟದ ಸಾಲಿನ ನಡುವೆ ಬೆಳೆದ ಕಾಳಿನ ಕಥೆ

ಇವತ್ತಿನ ಎಪಿಸೋಡನ್ನ ನಮ್ಮನೆಯ ಒಂದು ಜಗಳದಿಂದ ಶುರು ಮಾಡ್ತೀನಿ.

ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಕಡೆ. ಮಾವಿಗೆ ಹೆಸರಾದ ತಾಲ್ಲೂಕು. ತಾತ ಹಾಕಿದ ತೋಪಿನ ಮರಗಳಿಗೆ ವಯಸ್ಸಾಗಿತ್ತು. ಎರಡು ಎಕರೆಯಲ್ಲಿ ಹಳೇ ಮರ ತೆಗೆದು ಹೊಸ ಕಸಿ ಗಿಡ ಇಡಬೇಕಿತ್ತು. ಅಣ್ಣ ಹೇಳಿದ, "ಐದು ಮೀಟರಿಗೊಂದು ಇಡೋಣ, ಎಕರೆಗೆ 160 ಗಿಡ ಕೂರುತ್ತೆ." ಅಪ್ಪ ಒಪ್ಪಲಿಲ್ಲ. "ಹತ್ತು ಮೀಟರೇ ಇರಲಿ. ಎಕರೆಗೆ 40 ಸಾಕು. ನಡುವೆ ರಾಗಿ ಹಾಕ್ಬೇಕಲ್ಲ." ಅಣ್ಣನಿಗೆ ಸಿಟ್ಟು ಬಂತು. "ನಾಲ್ಕು ಮೂಟೆ ರಾಗಿಗೋಸ್ಕರ 120 ಮರ ಬಿಡೋದಾ ಅಪ್ಪಾ?"

ಲೆಕ್ಕ ನೋಡಿದ್ರೆ ಅಣ್ಣನೇ ಸರಿ. ನನಗೂ ಹಾಗೇ ಅನ್ನಿಸಿತ್ತು. ಆದರೆ ಮರಕ್ಕೂ ಮರಕ್ಕೂ ನಡುವೆ ಎಷ್ಟು ಜಾಗ ಬಿಡಬೇಕು ಅನ್ನೋ ಈ ಜಗಳ ಎಷ್ಟು ಹಳೇದು ಅಂತ ಹುಡುಕ್ತಾ ಹೋದೆ. 2,000 ವರ್ಷ ಹಿಂದೆ, ರೋಮನ್ನರ ಕಾಲಕ್ಕೆ ಹೋಗಿ ನಿಂತೆ.

ಕ್ರಿ.ಶ. ಮೊದಲನೇ ಶತಮಾನದಲ್ಲಿ ಕೊಲುಮೆಲ್ಲ ಅಂತ ಒಬ್ಬ ಇದ್ದ. ಹುಟ್ಟಿದ್ದು ಈಗಿನ ಸ್ಪೇನ್‌ನ ಕಾದಿಸ್ ಊರಲ್ಲಿ, ಜಮೀನು ಮಾಡಿದ್ದು ಇಟಲಿಯಲ್ಲಿ. ಬೇಸಾಯದ ಬಗ್ಗೆ 12 ಭಾಗಗಳ ಪುಸ್ತಕ ಬರೆದ. ಅದರಲ್ಲಿ ಆಲಿವ್ ಮರ ನೆಡೋ ಅಂತರದ ಬಗ್ಗೆ ಅವನು ಹೇಳೋದು ಕೇಳಿ. ಮಣ್ಣು ಫಲವತ್ತಾಗಿದ್ದು ಕಾಳು ಬೆಳೆಯೋಕೆ ಯೋಗ್ಯವಾಗಿದ್ರೆ ಒಂದು ದಿಕ್ಕಿಗೆ 60 ಅಡಿ, ಇನ್ನೊಂದು ದಿಕ್ಕಿಗೆ 40 ಅಡಿ ಬಿಡಬೇಕು. ಮಣ್ಣು ಬಡವಾಗಿದ್ದು ಕಾಳಿಗೆ ಆಗಲ್ಲ ಅಂದ್ರೆ 25 ಅಡಿ ಸಾಕು.

ಮೊದಲು ಓದಿದಾಗ ಇದು ಉಲ್ಟಾ ಅನ್ನಿಸಿತು. ಒಳ್ಳೇ ಮಣ್ಣಲ್ಲಿ ತಾನೇ ಜಾಸ್ತಿ ಮರ ಇಡಬೇಕು? ಅವನ ಲೆಕ್ಕದಲ್ಲಿ ಒಳ್ಳೇ ಮಣ್ಣಲ್ಲಿ ಎಕರೆಗೆ ಸುಮಾರು 19 ಮರ, ಬಡ ಮಣ್ಣಲ್ಲಿ ಎಪ್ಪತ್ತಕ್ಕಿಂತ ಹೆಚ್ಚು. ಯಾಕಂದ್ರೆ ಒಳ್ಳೇ ಮಣ್ಣನ್ನ ಬರೀ ಮರಕ್ಕೆ ಕೊಡೋದು ಅವನಿಗೆ ನಷ್ಟ. ಅಲ್ಲಿ ಗೋಧಿ ಬರುತ್ತೆ. ನಾವು ಖಾಲಿ ಅಂತ ಕರೆಯೋ ಆ ಜಾಗ ಅವನ ಕಣ್ಣಿಗೆ ಖಾಲಿ ಅಲ್ಲ, ಹೊಲ.

ಇನ್ನೊಂದು ಮಾತು ಮಾವಿನವರಿಗೆ ಇಷ್ಟ ಆಗುತ್ತೆ. ಆಲಿವ್ ಮರ ಸಾಮಾನ್ಯವಾಗಿ ಒಂದು ವರ್ಷ ಬಿಟ್ಟು ಒಂದು ವರ್ಷ ಚೆನ್ನಾಗಿ ಕಾಯಿ ಬಿಡುತ್ತೆ. ನಮ್ಮ ಬಾದಾಮಿ ಮಾವಿನ ಚಾಳಿಯೂ ಅದೇ. ಕೊಲುಮೆಲ್ಲ ಅದಕ್ಕೆ ಒಂದು ಉಪಾಯ ಹೇಳ್ತಾನೆ. ತೋಟವನ್ನ ಎರಡು ಪಾಲು ಮಾಡಿ, ಒಂದು ವರ್ಷ ಈ ಪಾಲಿನ ಮರಗಳ ಕೆಳಗೆ ಕಾಳು ಬಿತ್ತು, ಮುಂದಿನ ವರ್ಷ ಆ ಪಾಲಿನಲ್ಲಿ. ಆಗ ವರ್ಷ ವರ್ಷವೂ ಒಂದೇ ಥರದ ಆದಾಯ ಕೈಗೆ ಬರುತ್ತೆ. ಮರದ ಮೂಡ್ ನಂಬಿಕೊಂಡು ಮನೆ ನಡೆಸೋಕೆ ಆಗಲ್ಲ ಅಂತ ಅವನಿಗೂ ಗೊತ್ತಿತ್ತು.

ಅದೇ ಶತಮಾನದಲ್ಲಿ ಪ್ಲಿನಿ ಅನ್ನೋ ಇನ್ನೊಬ್ಬ ರೋಮನ್ ಲೇಖಕ ಸಮುದ್ರದಾಚೆ ಆಫ್ರಿಕಾದ ಒಂದು ಊರಿನ ಬಗ್ಗೆ ಬರೀತಾನೆ. ಆಗ ಅದರ ಹೆಸರು ಟಕಾಪೆ, ಈಗ ಟ್ಯುನೀಶಿಯಾದ ಗಾಬೆಸ್. ಸುತ್ತ ಮರಳು, ನಡುವೆ ಒಂದು ದೊಡ್ಡ ಊಟೆ. ಅದರ ನೀರನ್ನ ಜನ ಗಂಟೆ ಲೆಕ್ಕದಲ್ಲಿ ಹಂಚಿಕೊಳ್ತಿದ್ರು. ಅಲ್ಲಿ ಎತ್ತರದ ಖರ್ಜೂರದ ಕೆಳಗೆ ಆಲಿವ್, ಆಲಿವ್ ಕೆಳಗೆ ಅಂಜೂರ, ಅಂಜೂರದ ಕೆಳಗೆ ದಾಳಿಂಬೆ, ಅದರ ಕೆಳಗೆ ದ್ರಾಕ್ಷಿ. ದ್ರಾಕ್ಷಿ ಕೆಳಗೆ ಗೋಧಿ, ಆಮೇಲೆ ಬೇಳೆಕಾಳು, ಆಮೇಲೆ ಸೊಪ್ಪು. ಎಲ್ಲಾ ಒಂದೇ ವರ್ಷದಲ್ಲಿ. ಆ ಬಿಸಿಲಲ್ಲಿ ಕೆಳಗಿನ ಬೆಳೆಗೆ ನೆರಳೇ ಕೊಡೆ. ನಮ್ಮ ಅಡಿಕೆ ತೋಟದಲ್ಲಿ ಬಾಳೆ, ಮೆಣಸು, ಏಲಕ್ಕಿ ನೋಡಿದವರಿಗೆ ಇದೇನು ಆಶ್ಚರ್ಯ ಅಲ್ಲ.

ಇಟಲಿಯಲ್ಲಿ ಈ ಪದ್ಧತಿ ರೋಮನ್ನರ ಜೊತೆ ಮುಗೀಲಿಲ್ಲ. ಟಸ್ಕನಿ, ಉಂಬ್ರಿಯಾ ಕಡೆ 20ನೇ ಶತಮಾನದ ಅರ್ಧದವರೆಗೂ ಹೊಲದಲ್ಲಿ ಸಾಲು ಸಾಲು ಆಲಿವ್, ಮರಕ್ಕೆ ಹಬ್ಬಿಸಿದ ದ್ರಾಕ್ಷಿ, ಸಾಲಿನ ನಡುವೆ ಗೋಧಿ. ಅದನ್ನ ದುಡೀತಿದ್ದವರು ಪಾಲಿಗೆ ಮಾಡೋ ರೈತರು. ಬೆಳೆದದ್ದರಲ್ಲಿ ಅರ್ಧ ಧಣಿಗೆ, ಅರ್ಧ ಇವರಿಗೆ. ಆ ಅರ್ಧ ಗೋಧಿಯೇ ಮನೆಯ ವರ್ಷದ ರೊಟ್ಟಿ. ಎಲ್ಲಾ ಒಂದೇ ಹೊಲದಲ್ಲಿ ಬೆಳೆದುಕೊಂಡ್ರೆ ಮಾತ್ರ ದೊಡ್ಡ ಸಂಸಾರ ಬದುಕೋದು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇದು ಬೇಗ ಕರಗಿಹೋಯ್ತು. ಹುಡುಗರು ಫ್ಯಾಕ್ಟರಿ ಕೆಲಸಕ್ಕೆ ಪಟ್ಟಣ ಸೇರಿದ್ರು. ಟ್ರ್ಯಾಕ್ಟರ್ ಬಂತು, ಅದಕ್ಕೆ ಮರಗಳು ಅಡ್ಡ. 1964ರಲ್ಲಿ ಹೊಸದಾಗಿ ಇಂಥ ಪಾಲಿನ ಕರಾರು ಮಾಡಿಕೊಳ್ಳೋದನ್ನೇ ಕಾನೂನು ನಿಲ್ಲಿಸಿತು. ಪಾಲುಗಾರಿಕೆ ಹೋಗಿದ್ದಕ್ಕೆ ಅಳೋ ಅಗತ್ಯ ಇಲ್ಲ, ಅದರಲ್ಲಿ ಅನ್ಯಾಯ ಇತ್ತು. ಆದರೆ ಅದರ ಜೊತೆಗೇ ಮರ ಒಂದು ಕಡೆ, ಗೋಧಿ ಒಂದು ಕಡೆ ಆಯ್ತು.

ಹಾಗಾದ್ರೆ ಹಳೇ ರೈತರು ಬಡತನಕ್ಕೆ ಮಾತ್ರ ಹಾಗೆ ಮಾಡ್ತಿದ್ರಾ, ಇಲ್ಲ ಅದರಲ್ಲಿ ಲಾಭವೂ ಇತ್ತಾ? ಇದನ್ನ ಅಳೆದು ನೋಡಿದವರು ಫ್ರಾನ್ಸ್‌ನ ವಿಜ್ಞಾನಿಗಳು. 1995ರಲ್ಲಿ ಮೊಂಪೆಲ್ಯೇ ನಗರದ ಹತ್ತಿರ ರೆಸ್ಟಾಂಕ್ಲಿಯೇರ್ ಅನ್ನೋ ಎಸ್ಟೇಟ್‌ನಲ್ಲಿ ಅಕ್ರೋಟ್, ಅಂದ್ರೆ ವಾಲ್‌ನಟ್ ಸಸಿಗಳನ್ನ ದೂರ ದೂರ ಸಾಲಾಗಿ ನೆಟ್ಟು ನಡುವೆ ಗೋಧಿ ಬಿತ್ತಿದ್ರು. ಅಲ್ಲಿ ಮರ ಮುಖ್ಯವಾಗಿ ನಾಟಾಕ್ಕೆ. ವರ್ಷಗಟ್ಟಲೆ ಅಳೆದ ಮೇಲೆ ಅವರು ಕೊಟ್ಟ ಲೆಕ್ಕ ಹೀಗಿದೆ. ಬೆರೆಸಿ ಬೆಳೆದ 100 ಹೆಕ್ಟೇರಿನಲ್ಲಿ ಸಿಗೋ ಅಷ್ಟೇ ಕಾಳು ಮತ್ತು ಮರ ಬೇರೆ ಬೇರೆಯಾಗಿ ಬೆಳೆದ್ರೆ ಸಿಗಬೇಕು ಅಂದ್ರೆ ಸುಮಾರು 136 ಹೆಕ್ಟೇರ್ ಬೇಕು.

ಕಾರಣ ಸರಳ. ಗೋಧಿ ಚಳಿಗಾಲದಲ್ಲಿ ಬೆಳೆಯುತ್ತೆ, ಆಗ ವಾಲ್‌ನಟ್ ಮರದಲ್ಲಿ ಎಲೆ ಇರಲ್ಲ. ಮರ ಚಿಗುರೋದು ತಡ, ಅಷ್ಟೊತ್ತಿಗೆ ಗೋಧಿ ಬಹುಪಾಲು ಬೆಳೆದಿರುತ್ತೆ. ಮೇಲಿನ ಮಣ್ಣಿನ ನೀರನ್ನ ಗೋಧಿ ಕುಡಿಯೋದ್ರಿಂದ ಮರದ ಬೇರು ಆಳಕ್ಕೆ ಇಳಿಯುತ್ತೆ. ಅಂದ್ರೆ ಇಬ್ಬರೂ ಒಂದೇ ತಟ್ಟೆಗೆ ಕೈ ಹಾಕಲ್ಲ.

ಈಗ ವಾಪಸ್ ನಮ್ಮ ತೋಪಿಗೆ ಬರೋಣ. ಮಾವು ವಾಲ್‌ನಟ್ ಅಲ್ಲ, ವರ್ಷವಿಡೀ ಎಲೆ ಇರುತ್ತೆ. ಮರ ಹರಡಿಕೊಂಡ ಮೇಲೆ ಕೆಳಗೆ ರಾಗಿ ಬರಲ್ಲ. ಆದರೆ ಮೊದಲ ಏಳೆಂಟು ವರ್ಷ ಬರುತ್ತೆ. ಮಳೆಗಾಲದಲ್ಲಿ ಬಿತ್ತಿದ ರಾಗಿ ನವೆಂಬರ್, ಡಿಸೆಂಬರ್ ಹೊತ್ತಿಗೆ ಕಣ ಸೇರುತ್ತೆ. ಆಮೇಲೆ ಭೂಮಿ ಒಣಗುತ್ತೆ. ಮಾವು ಹೂ ಬಿಡೋಕೆ ಬೇಕಾಗಿರೋದೂ ಅದೇ ಒಣಹವೆ. ಗಿಡದ ಪಾತಿ ಬಿಟ್ಟು ಬಿತ್ತಿದ್ರೆ ಒಂದಕ್ಕೊಂದು ತೊಂದ್ರೆ ಇಲ್ಲ. ಕಸಿ ಗಿಡದಿಂದ ಹೇಳಿಕೊಳ್ಳೋ ಫಸಲು ಬರೋಕೆ ನಾಲ್ಕೈದು ವರ್ಷ ಬೇಕು. ಆ ವರ್ಷಗಳನ್ನ ದಾಟಿಸೋದು ಈ ರಾಗಿ, ಆಮೇಲೆ ಒಂದಿಷ್ಟು ಹುರುಳಿ.

ಇದನ್ನೆಲ್ಲ ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಅಣ್ಣ ಕೇಳಿಸಿಕೊಂಡ, ಆದ್ರೂ ಬಗ್ಗಲಿಲ್ಲ. "ರಾಗಿ ಅಂಗಡೀಲಿ ಸಿಗುತ್ತೆ ಬಿಡೋ" ಅಂದ. ಆಗ ಅಲ್ಲೀವರೆಗೂ ಸುಮ್ನಿದ್ದ ಅಮ್ಮ ಒಂದೇ ಮಾತು ಕೇಳಿದ್ಲು. "ರಾಗಿ ಸಿಗುತ್ತಪ್ಪ, ಎರಡು ಹಸಕ್ಕೆ ಹುಲ್ಲು ಎಲ್ಲಿಂದ ತರ್ತೀಯ?"

ಅಣ್ಣನ ಹತ್ರ ಉತ್ತರ ಇರಲಿಲ್ಲ. ನನ್ನ ಹತ್ರವೂ ಇರಲಿಲ್ಲ. ನಾನು ಓದಿದ್ದೆಲ್ಲಾ ಕಾಳಿನ ಬಗ್ಗೆ, ಹುಲ್ಲಿನ ಬಗ್ಗೆ ಯೋಚನೆಯೇ ಮಾಡಿರಲಿಲ್ಲ. ನಮ್ಮನೇಲಿ ಹದಿನೈದು ದಿನಕ್ಕೊಮ್ಮೆ ಬರೋ ದುಡ್ಡು ಅಂದ್ರೆ ಹಾಲಿಂದು ಮಾತ್ರ. ಹಾಲಿನ ಹಿಂದೆ ರಾಗಿ ಹುಲ್ಲಿನ ಮೆದೆ ಇದೆ.

ಕೊನೆಗೆ ಅಪ್ಪ, ಅಣ್ಣ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟರು. ಸಾಲಿಂದ ಸಾಲಿಗೆ ಹತ್ತು ಮೀಟರ್, ಸಾಲಿನಲ್ಲಿ ಗಿಡದಿಂದ ಗಿಡಕ್ಕೆ ಐದು ಮೀಟರ್. ಎಕರೆಗೆ 80 ಗಿಡ. ಅಗಲದ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಆಡುತ್ತೆ, ರಾಗಿಯೂ ಬರುತ್ತೆ. ಒಂದು ದಿಕ್ಕಿಗೆ ಅಗಲ, ಇನ್ನೊಂದಕ್ಕೆ ಕಿರಿದು. ಕೊಲುಮೆಲ್ಲನ 60ಕ್ಕೆ 40ರ ಲೆಕ್ಕವೂ ಇದೇ ಆಕಾರದ್ದು. ನಮ್ಮಪ್ಪನಿಗೆ ಅವನ ಹೆಸರು ಈಗಲೂ ಬಾಯಿಗೆ ಬರಲ್ಲ, "ಆ ರೋಮ್‌ನೋನು" ಅಂತಾರೆ.

ಹೋದ ಮಳೆಗಾಲ ಗಿಡ ಇಟ್ವಿ. ಮೊದಲ ರಾಗಿ ಒಕ್ಕಣೆ ಆಗಿದೆ, ಮೆದೆ ಹಟ್ಟಿ ಪಕ್ಕದಲ್ಲಿದೆ. ಮಾವಿನ ಗಿಡ ಇನ್ನೂ ನನ್ನ ಮೊಣಕಾಲೆತ್ತರ.

ನಿಮ್ಮೂರ ತೋಟದಲ್ಲಿ ಮರದ ಸಾಲಿನ ನಡುವೆ ಹಿರಿಯರು ಏನು ಬಿತ್ತುತ್ತಿದ್ರು? ಮನೇಲಿ ಕೇಳಿ, ಒಂದು ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.