ಸಂಶೋಧನಾ ದತ್ತಾಂಶ ನಿರ್ವಹಣೆ: ವಿಶ್ವವಿದ್ಯಾಲಯಗಳಲ್ಲಿ ಬೆಳೆದ ಬಗೆ

ಪ್ರಬಂಧ ಅಚ್ಚಾದ ಮೇಲೂ ಅದರ ಹಿಂದಿನ ಅಳತೆ, ಸಮೀಕ್ಷೆ, ಲೆಕ್ಕಗಳನ್ನು ಬೇರೆಯವರು ತೆರೆದು ನೋಡುವಂತೆ ಕಾಪಾಡುವ ಕೆಲಸವೇ ಸಂಶೋಧನಾ ದತ್ತಾಂಶ ನಿರ್ವಹಣೆ. ಬಹುಕಾಲ ಇದು ಪ್ರಾಧ್ಯಾಪಕರ ಬೀರುವಿಗೆ ಬಿಟ್ಟ ವಿಷಯವಾಗಿತ್ತು.

ಇದನ್ನು ಸಂಸ್ಥೆಯ ಹೊಣೆಯಾಗಿಸಿದವರಲ್ಲಿ ಸಮಾಜವಿಜ್ಞಾನಿಗಳು ಮುಂದಿದ್ದರು. 1962ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವಾರನ್ ಮಿಲ್ಲರ್ ಮುಂದಾಳತ್ವದಲ್ಲಿ ಹಲವು ವಿಶ್ವವಿದ್ಯಾಲಯಗಳು ಕೂಡಿ ಚುನಾವಣಾ ಸಮೀಕ್ಷೆಗಳ ದತ್ತಾಂಶ ಹಂಚಿಕೊಳ್ಳಲು ಒಕ್ಕೂಟ ಕಟ್ಟಿಕೊಂಡವು. ಇಂದಿನ ಐಸಿಪಿಎಸ್‌ಆರ್ ಅದೇ. 1967ರಲ್ಲಿ ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲೂ ಇಂಥ ಭಂಡಾರ ತೆರೆಯಿತು. ನಿಯಮದ ಬಿಗಿ ಬಂದದ್ದು ಬಹಳ ತಡವಾಗಿ: 2011ರ ಜನವರಿಯಿಂದ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ಅನುದಾನ ಕೇಳುವವರು ಎರಡು ಪುಟ ಮೀರದ ದತ್ತಾಂಶ ನಿರ್ವಹಣಾ ಯೋಜನೆಯನ್ನೂ ಲಗತ್ತಿಸಬೇಕೆಂದಿತು.

ಮೂಲ ಕಡತ ಇನ್ನೊಬ್ಬರ ಕೈಸೇರಿದರೆ ಏನಾಗುತ್ತದೆಂಬುದು 2013ರಲ್ಲಿ ಕಂಡಿತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್ಸಿನ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್, ತರಗತಿಯ ಕೆಲಸಕ್ಕಾಗಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಅವರ 2010ರ ಪ್ರಬಂಧವೊಂದನ್ನು ಎತ್ತಿಕೊಂಡ. ಸರ್ಕಾರದ ಸಾಲ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎನ್ನುವ ಅದರ ಲೆಕ್ಕ ಎಷ್ಟು ಮಾಡಿದರೂ ತಾಳೆಯಾಗಲಿಲ್ಲ. ಕೇಳಿದಾಗ ಲೇಖಕರು ಎಕ್ಸೆಲ್ ಹಾಳೆಯನ್ನೇ ಕಳಿಸಿದರು. ಸರಾಸರಿಯ ಸೂತ್ರ 49ನೇ ಸಾಲಿನವರೆಗೆ ಹೋಗದೆ 44ಕ್ಕೇ ನಿಂತಿತ್ತು. ಡೆನ್ಮಾರ್ಕ್, ಕೆನಡಾ, ಬೆಲ್ಜಿಯಂ, ಆಸ್ಟ್ರಿಯಾ, ಆಸ್ಟ್ರೇಲಿಯಾ ಲೆಕ್ಕದಿಂದಲೇ ಹೊರಗೆ! ಇದರ ಜೊತೆಗೆ ಕೈಬಿಟ್ಟಿದ್ದ ವರ್ಷಗಳ ಅಂಕಿಗಳನ್ನು ಸೇರಿಸಿ, ಸರಾಸರಿ ತೆಗೆದ ಕ್ರಮವನ್ನೂ ಬದಲಿಸಿದಾಗ ಶೇ. -0.1 ಎಂದಿದ್ದ ಬೆಳವಣಿಗೆ ಶೇ. 2.2ಕ್ಕೆ ಏರಿತು. ಹಾಳೆ ಕೊಟ್ಟ ಲೇಖಕರಿಗೂ ಇಲ್ಲಿ ಒಂದು ಪಾಲು ಮೆಚ್ಚುಗೆ ಸಲ್ಲಬೇಕು.

ಎಲ್ಲರೂ ಕೊಡುವುದಿಲ್ಲ, ಕೊಡಲು ಎಷ್ಟೋ ಸಲ ಏನೂ ಉಳಿದಿರುವುದೂ ಇಲ್ಲ. ಟಿಮ್ ವೈನ್ಸ್ ಮತ್ತು ಸಂಗಡಿಗರು 1991ರಿಂದ 2011ರವರೆಗಿನ 516 ಜೀವವಿಜ್ಞಾನ ಪ್ರಬಂಧಗಳ ಬೆನ್ನು ಹತ್ತಿದಾಗ, ದತ್ತಾಂಶ ಉಳಿದಿರುವ ಸಂಭವ ವರ್ಷಕ್ಕೆ ಶೇ. 17ರಂತೆ ಇಳಿಯುವುದು ಕಂಡುಬಂತು.

2016ರಲ್ಲಿ ಪ್ರಕಟವಾದ 'ಫೇರ್' ತತ್ತ್ವಗಳು ದತ್ತಾಂಶ ಸುಲಭವಾಗಿ ಸಿಗಬೇಕು, ಮರುಬಳಕೆಗೆ ಒದಗಬೇಕು ಎಂದವು. ಆದರೆ ದೊಡ್ಡ ಭಂಡಾರವೂ ಕೈಕೊಡಬಹುದು. 2021ರ ಡಿಸೆಂಬರಿನಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ ಹಳೆಯ ಲಾಗ್ ಕಡತಗಳನ್ನು ಗುಡಿಸಬೇಕಿದ್ದ ಬ್ಯಾಕಪ್ ಸ್ಕ್ರಿಪ್ಟನ್ನು, ಅದು ಓಡುತ್ತಿರುವಾಗಲೇ ಬದಲಿಸಲಾಯಿತು. ಅದು ಲಾಗ್ ಬಿಟ್ಟು ಸಂಶೋಧಕರ ಕಡತಗಳನ್ನೇ ಅಳಿಸುತ್ತಾ ಹೋಯಿತು: ಸುಮಾರು 77 ಟೆರಾಬೈಟ್, 3.4 ಕೋಟಿ ಕಡತಗಳು. ಹದಿನಾಲ್ಕು ತಂಡಗಳಿಗೆ ಪೆಟ್ಟು ಬಿತ್ತು. ಅವುಗಳಲ್ಲಿ ನಾಲ್ಕು ತಂಡಗಳ ದತ್ತಾಂಶ ಬ್ಯಾಕಪ್‌ನಿಂದಲೂ ಮರಳಲಿಲ್ಲ. ವ್ಯವಸ್ಥೆ ಪೂರೈಸಿದ ಕಂಪನಿ ಪೂರ್ತಿ ಹೊಣೆ ಹೊತ್ತುಕೊಂಡಿತು.